ಆ್ಯಪ್ ಒಪ್ಪಂದಕ್ಕೆ ಸಹಿ ಹಾಕೋ ಮೊದಲು: ಬೆಂಗಳೂರಿನ ದೊಡ್ಡ ಲಾ ಫರ್ಮ್ ಬೇಕಾ, ನಮ್ಮೂರ ವಕೀಲರು ಸಾಕಾ?

ಅಪ್ಪೆಮಿಡಿ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ನಾವು 412 ಜನ ಬೆಳೆಗಾರರು ಸೇರಿ ಒಂದು ಉತ್ಪಾದಕರ ಕಂಪನಿ ಮಾಡಿಕೊಂಡಿದ್ದೇವೆ. ಕಾಳುಮೆಣಸು, ಜೇನು, ಮಿಡಿ ಉಪ್ಪಿನಕಾಯಿ, ಸ್ವಲ್ಪ ಚಾಲಿ ಅಡಿಕೆ. ಹತ್ತು ನಿರ್ದೇಶಕರಲ್ಲಿ ನಾನೂ ಒಬ್ಬಳು. ಈಗ ಬೆಂಗಳೂರಿನ ಒಂದು ಕಂಪನಿ ನಮ್ಮನ್ನು ಹುಡುಕಿಕೊಂಡು ಬಂದಿದೆ. ಆ್ಯಪ್ ಕೊಡುತ್ತಾರಂತೆ. ಮೆಣಸು ಅವರೇ ಕೊಳ್ಳುತ್ತಾರೆ. ಮಳೆಗಾಲದ ಖರ್ಚಿಗೆ ಮುಂಗಡವನ್ನೂ ಕೊಡುತ್ತಾರೆ. ಅದಕ್ಕೆ ಪ್ರತಿ ಸದಸ್ಯರ ಹೆಸರು, ಫೋನ್, ಆಧಾರ್, ಪಾಸ್‌ಬುಕ್, ಪಹಣಿ, ಸರ್ವೆ ನಂಬರ್ ಎಲ್ಲ ಆ್ಯಪ್‌ಗೆ ಹಾಕಬೇಕು. ಫೋನ್ ಹಿಡಿದು ತೋಟದ ಸುತ್ತ ನಡೆದು ಗಡಿ ಗುರುತು ಮಾಡಬೇಕು. ಜೊತೆಗೆ ನಮ್ಮ ಕಂಪನಿಯಲ್ಲಿ ಅವರಿಗೆ 15% ಷೇರು ಬೇಕಂತೆ.

ಒಪ್ಪಂದ 38 ಪುಟ ಇದೆ. ಎಲ್ಲವೂ ಇಂಗ್ಲಿಷ್. ಶಿವಮೊಗ್ಗದಲ್ಲಿ ನಮ್ಮ ವಕೀಲರಿಗೆ ತೋರಿಸಿದೆ. ಜಮೀನಿನ ಕೇಸುಗಳಲ್ಲಿ ಮೂವತ್ತು ವರ್ಷ ಕಳೆದವರು. ಮೂರು ದಿನ ಇಟ್ಟುಕೊಂಡು ಓದಿದರು. ಒಂಬತ್ತು ಕಡೆ ಪೆನ್ಸಿಲ್ ಗೆರೆ ಹಾಕಿ ವಾಪಸ್ ಕೊಟ್ಟರು. "ಪಹಣಿ, ಪೋಡಿ, ಹದ್ದುಬಸ್ತು ಕೇಳಮ್ಮ, ನಿದ್ದೆಗಣ್ಣಲ್ಲೂ ಹೇಳ್ತೀನಿ. ಇದರಲ್ಲಿ ಕಂಪನಿ ಕಾನೂನು, ಡೇಟಾ ಕಾನೂನು ಎರಡೂ ಹೆಣೆದುಕೊಂಡಿವೆ. ದಿನಾ ಅದನ್ನೇ ಮಾಡೋರ ಹತ್ರ ತೋರಿಸು" ಅಂದರು. ಫೀಸು ತೆಗೆದುಕೊಳ್ಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಅವರ ಮೇಲೆ ನನಗೆ ಗೌರವ ಜಾಸ್ತಿ ಆಯಿತು.

ಬೆಂಗಳೂರಿನ ಒಂದು ಫುಲ್ ಸರ್ವಿಸ್ ಲಾ ಫರ್ಮ್ ಕೇಳಿದ್ದು 2,75,000 ರೂಪಾಯಿ. ನಮ್ಮಂಥವರಿಗೆ ಅದು ಸಣ್ಣ ಮೊತ್ತ ಅಲ್ಲ.

ನಾನು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಎರಡು ವರ್ಷದ ಹಿಂದೆ ಗೊಬ್ಬರ ಪೂರೈಸುತ್ತಿದ್ದವರೊಬ್ಬರಿಗೆ ನಮ್ಮ ಸದಸ್ಯರ ಎಕ್ಸೆಲ್ ಪಟ್ಟಿ ಕೊಟ್ಟಿದ್ದೆವು. ಸುಮ್ನೆ ವಾಟ್ಸಾಪ್‌ನಲ್ಲಿ ಕಳಿಸಿದ್ದು. ನಾಲ್ಕು ತಿಂಗಳಾದ ಮೇಲೆ ನಮ್ಮೂರ ಒಬ್ಬ ಅಮ್ಮನಿಗೆ ಫೋನ್ ಬಂತು. ಅವರ ಸರ್ವೆ ನಂಬರ್ ಸರಿಯಾಗಿ ಹೇಳಿದರು, ಖಾತೆಯ ಕೊನೆಯ ನಾಲ್ಕು ಅಂಕಿಯನ್ನೂ ಹೇಳಿದರು. ಇಷ್ಟು ಗೊತ್ತಿದೆ ಅಂದರೆ ಬ್ಯಾಂಕಿನವರೇ ಅಂತ ಅವರು ನಂಬಿದರು. ಒಟಿಪಿ ಹೇಳಿದರು. 46,000 ಹೋಯಿತು. ಅವರು ನನ್ನ ಮನೆ ಜಗಲಿ ಮೇಲೆ ಕೂತು, ಕೈಯಲ್ಲಿ ಆ ಪುಟ್ಟ ಫೋನ್ ಹಿಡಿದುಕೊಂಡು, "ನಂಬರ್ ಅವರಿಗೆ ಹೆಂಗೆ ಗೊತ್ತಾಯ್ತು ಮಗಾ?" ಅಂತ ಕೇಳಿದರು. ನಮ್ಮ ಪಟ್ಟಿಯಿಂದಲೇ ಹೋಯಿತು ಅಂತ ನಾನು ಸಾಬೀತು ಮಾಡಲಾರೆ. ಅಲ್ಲ ಅಂತ ಹೇಳುವ ಧೈರ್ಯವೂ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ದೊಡ್ಡ ಫರ್ಮ್ ನಿಜವಾಗಿ ಏನು ಮಾಡುತ್ತದೆ? ನಮ್ಮಂಥ ಸಣ್ಣ ಕಂಪನಿಗೆ ಬೇಕಾ?

ಕೊನೆಕೊಯ್ಲು

ಮೊದಲು ಸಹಿ ಹಾಕಬೇಡಿ. ಉಳಿದದ್ದು ಆಮೇಲೆ.

ತುಂಗಾತೀರ (ತೀರ್ಥಹಳ್ಳಿ)

ನಾನು ಬೆಂಗಳೂರಿನ ಒಂದು ಫರ್ಮ್‌ನಲ್ಲಿ 11 ವರ್ಷ ಕಂಪನಿ ಕಾನೂನಿನ ವಿಭಾಗದಲ್ಲಿದ್ದೆ. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ವಕೀಲಿ ಮಾಡುತ್ತಿಲ್ಲ, ಹಾಗಾಗಿ ಇದನ್ನು ಪರಿಚಯದವರ ಮಾತು ಅಂತ ತೆಗೆದುಕೊಳ್ಳಿ.

ಫುಲ್ ಸರ್ವಿಸ್ ಅಂದರೆ ಇಷ್ಟೇ. ಕಂಪನಿ, ಒಪ್ಪಂದ, ತೆರಿಗೆ, ಕಾರ್ಮಿಕ ಕಾನೂನು, ಆಸ್ತಿ, ಟ್ರೇಡ್‌ಮಾರ್ಕ್, ವ್ಯಾಜ್ಯ, ಡೇಟಾ, ಎಲ್ಲಕ್ಕೂ ಬೇರೆ ಬೇರೆ ತಂಡ ಒಂದೇ ಸೂರಿನಡಿ ಇರುತ್ತದೆ. ಒಂದು ಕಡತ ಬಂದರೆ ಅದು ಮೇಜಿನಿಂದ ಮೇಜಿಗೆ ಹೋಗುತ್ತದೆ. ನಿಮ್ಮ ವಕೀಲರು "ಎರಡೂ ಹೆಣೆದುಕೊಂಡಿವೆ" ಅಂದರಲ್ಲ, ಅದು ನೂರಕ್ಕೆ ನೂರು ಸರಿ. ಇಂಥ ಕಾಗದಕ್ಕೆ ಎರಡು ಜೊತೆ ಕಣ್ಣು ಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನಾಳೆ ಒಬ್ಬ ಸದಸ್ಯರು ಕಂಪನಿ ಬಿಟ್ಟು ಹೋಗುತ್ತಾರೆ, "ನನ್ನ ಮಾಹಿತಿ ಎಲ್ಲ ಅಳಿಸಿ" ಅನ್ನುತ್ತಾರೆ. ಡೇಟಾ ಕಾನೂನು ಮಾತ್ರ ಗೊತ್ತಿದ್ದವರು ಅಳಿಸಿ ಅನ್ನಬಹುದು. ಆದರೆ ಸದಸ್ಯರ ರಿಜಿಸ್ಟರನ್ನು ಕಂಪನಿ ಶಾಶ್ವತವಾಗಿ ಇಡಬೇಕು ಅಂತ ಕಂಪನಿ ಕಾನೂನಿನ ನಿಯಮ ಇದೆ. ಲೆಕ್ಕದ ಪುಸ್ತಕ 8 ವರ್ಷ ಇಡಬೇಕು. ಇನ್ನೊಂದು ಕಾನೂನು ಇಡು ಅಂದಿದ್ದನ್ನು ಇಟ್ಟುಕೊಳ್ಳಲು ಡೇಟಾ ಕಾನೂನೂ ಅವಕಾಶ ಕೊಡುತ್ತದೆ. ಹಾಗಾಗಿ ರಿಜಿಸ್ಟರ್‌ನಲ್ಲಿ ಅವರ ಹೆಸರು ಉಳಿಯಬೇಕು, ಆ್ಯಪ್‌ನಿಂದ ಅವರ ತೋಟದ ನಕ್ಷೆ ಹೋಗಬೇಕು. ಈ ಗೆರೆ ಎಲ್ಲಿ ಎಳೆಯಬೇಕು ಅನ್ನೋದು ಎರಡೂ ತಿಳಿದವರಿಗೇ ಕಾಣುತ್ತದೆ.

ಈಗ ನಿಮ್ಮ ಒಪ್ಪಂದದ ದೊಡ್ಡ ತಪ್ಪು ಹೇಳುತ್ತೇನೆ. 15% ಷೇರು ಕೇಳಿದ್ದಾರೆ ಅಂದಿರಿ. ಉತ್ಪಾದಕರ ಕಂಪನಿಯಲ್ಲಿ ಉತ್ಪಾದಕರು, ಉತ್ಪಾದಕರ ಸಂಸ್ಥೆಗಳು ಮಾತ್ರ ಸದಸ್ಯರಾಗಬಹುದು. 2013ರ ಕಂಪನಿ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತಂದು ಸೇರಿಸಿದ ಅಧ್ಯಾಯದಲ್ಲಿ ಇದು ಇದೆ. ಅದಕ್ಕೂ ಮೊದಲು 2002ರಿಂದ ಹಳೆಯ ಕಾಯ್ದೆಯಲ್ಲೂ ಇತ್ತು. ಆ್ಯಪ್ ಮಾಡುವ ಕಂಪನಿ ಮೆಣಸು ಬೆಳೆಯುವುದಿಲ್ಲ, ಅಲ್ವಾ? ಅವರಿಗೆ ನೀವು ಷೇರು ಕೊಡುವ ಹಾಗೇ ಇಲ್ಲ. ಇದನ್ನು ಬರೆದವರಿಗೆ ನಿಮ್ಮದು ಯಾವ ಬಗೆಯ ಕಂಪನಿ ಅನ್ನೋದೇ ಗೊತ್ತಿಲ್ಲ. ಬೇರೆಲ್ಲೋ ಬಳಸಿದ ಕರಡನ್ನು ಹೆಸರು ಬದಲಿಸಿ ಕಳಿಸಿದ್ದಾರೆ. ಹಾಗೆ ಬಂದ ಕಾಗದದಲ್ಲಿ ಉಳಿದ ಪುಟಗಳನ್ನೂ ನಂಬಬೇಡಿ.

ಫೀಸಿನ ವಿಷಯ. ಗಂಟೆ ಲೆಕ್ಕ ಬೇಡ ಅನ್ನಿ. "ಈ ಒಂದು ಒಪ್ಪಂದ, ಒಂದು ಒಪ್ಪಿಗೆ ಪತ್ರ, ಎರಡು ಸುತ್ತಿನ ತಿದ್ದುಪಡಿ, ಇಷ್ಟಕ್ಕೆ ಒಟ್ಟು ಎಷ್ಟು?" ಅಂತ ಬರವಣಿಗೆಯಲ್ಲಿ ಕೇಳಿ. ಕೆಲಸದ ಎಲ್ಲೆ ಕಿರಿದಾದರೆ ಮೊತ್ತವೂ ಇಳಿಯುತ್ತದೆ. ಆ ಆ್ಯಪ್ ಕಂಪನಿ ಆ ಫರ್ಮ್‌ಗೆ ಕಕ್ಷಿದಾರ ಆಗಿದೆಯಾ ಅಂತಲೂ ಮೊದಲೇ ಕೇಳಿ. ಆಗಿದ್ದರೆ ಅವರು ನಿಮ್ಮ ಕೆಲಸ ತೆಗೆದುಕೊಳ್ಳಬಾರದು.

ಸಾಗರದ ಸಿಎಸ್

ತುಂಗಾತೀರ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ನಾನು ಕಂಪನಿ ಸೆಕ್ರೆಟರಿ ಕೆಲಸ ಮಾಡುತ್ತೇನೆ, ಉತ್ಪಾದಕರ ಕಂಪನಿಗಳ ಕಡತ ನೋಡಿದ್ದೇನೆ.

ಹೊರಗಿನ ಕಂಪನಿ ಜೊತೆ ಪಾಲುದಾರಿಕೆ ಥರದ ವ್ಯವಸ್ಥೆ ಮಾಡಿಕೊಳ್ಳುವಾಗ ನಿರ್ದೇಶಕರು ಕೂತು ಸಹಿ ಹಾಕಿದರೆ ಸಾಲದು. ಸದಸ್ಯರ ಸಭೆಯಲ್ಲಿ ವಿಶೇಷ ನಿರ್ಣಯ ಬೇಕು. ಬೇಡ ಅಂದವರಿಗಿಂತ ಬೇಕು ಅಂದವರು ಕನಿಷ್ಠ ಮೂರು ಪಟ್ಟು ಇರಬೇಕು. ಸಭೆಗೆ 14 ದಿನ ಮೊದಲು ಲಿಖಿತ ನೋಟಿಸ್ ಹೋಗಬೇಕು. ಕೋರಂ, ಅಂದರೆ ಸಭೆಗೆ ಬರಲೇಬೇಕಾದ ಕನಿಷ್ಠ ಜನ, ಒಟ್ಟು ಸದಸ್ಯರ ನಾಲ್ಕನೇ ಒಂದು ಪಾಲು. ನಿಮ್ಮ 412ಕ್ಕೆ 103 ಜನ. ನಿಮ್ಮ ನಿಯಮಾವಳಿಯಲ್ಲಿ ಇನ್ನೂ ಜಾಸ್ತಿ ಬರೆದಿದ್ದರೆ ಅಷ್ಟು. ಆಷಾಢದ ಮಳೆಯಲ್ಲಿ ಹೊಸನಗರದ ಕಡೆ 103 ಜನರನ್ನು ಒಂದೇ ಕಡೆ ಸೇರಿಸೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಬೇಕು. ನಿರ್ಣಯ ಆದ ಮೇಲೆ 30 ದಿನದೊಳಗೆ ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ನಿಮ್ಮ ವಾರ್ಷಿಕ ಲೆಕ್ಕಪತ್ರ ಸಲ್ಲಿಕೆ ಸರಿಯಾಗಿದೆಯಾ? ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ಏರುತ್ತದೆ. ಮೂರು ವರ್ಷ ಬಿಡದೆ ತಪ್ಪಿಸಿದರೆ ನಿರ್ದೇಶಕರೇ ಐದು ವರ್ಷ ಅನರ್ಹರಾಗುತ್ತಾರೆ. ಎದುರಿನವರ ವಕೀಲರು ಮೊದಲು ನೋಡೋದೇ ಇದನ್ನು.

ಅಪ್ಪೆಮಿಡಿ

ಸಲ್ಲಿಕೆ ಸರಿಯಾಗಿದೆ. ಹೋದ ವರ್ಷ ಒಂದು ಫಾರಂ ತಡವಾಗಿತ್ತು, ಕಟ್ಟಿದ್ದೇವೆ. ವಿಶೇಷ ನಿರ್ಣಯದ ವಿಷಯ ನಮ್ಮ ಅಧ್ಯಕ್ಷರಿಗೂ ಗೊತ್ತಿರಲಿಲ್ಲ. "ಸೋಮವಾರದೊಳಗೆ ಸಹಿ ಮಾಡಿ" ಅಂತ ಆ ಕಂಪನಿಯವರು ಒತ್ತಾಯ ಮಾಡುತ್ತಿದ್ದರು. ಈಗ ಕಾನೂನೇ ಸಮಯ ಕೊಟ್ಟ ಹಾಗಾಯಿತು.

ಬಿಸಿಲುಮಚ್ಚು

ಇಷ್ಟೊಂದು ಹೆದರೋದು ಯಾಕೆ? ಡೇಟಾ ಕಾನೂನು ಇನ್ನೂ ಪೂರ್ತಿ ಜಾರಿಗೇ ಬಂದಿಲ್ಲ. ನೆಟ್‌ನಲ್ಲಿ ಒಪ್ಪಂದದ ಮಾದರಿ ಪುಕ್ಕಟೆ ಸಿಗುತ್ತದೆ. ಆ 2,75,000ಕ್ಕೆ ಒಂದು ಒಳ್ಳೆ ಡ್ರೈಯರ್ ಬರುತ್ತದೆ. ಮೆಣಸು ಬೂಷ್ಟು ಹಿಡಿಯೋದಾದರೂ ತಪ್ಪುತ್ತದೆ. ನಾನು ರೈತ, ನನಗೆ ಡ್ರೈಯರ್ ಮುಖ್ಯ.

ತುಂಗಾತೀರ

ನಿಮ್ಮ ಡ್ರೈಯರ್ ಮಾತು ನನಗೆ ಅರ್ಥ ಆಗುತ್ತದೆ. ಆದರೆ ಜಾರಿಯ ಲೆಕ್ಕ ಸರಿಯಾಗಿ ನೋಡೋಣ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿ ಅಂಕಿತ ಬಿತ್ತು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ದೂರು ವಿಚಾರಿಸುವ ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ್ದು ಆಗಲೇ ಜಾರಿ. ಒಪ್ಪಿಗೆ, ನೋಟಿಸ್, ಸುರಕ್ಷತೆಯಂಥ ಮುಖ್ಯ ಹೊಣೆಗಳಿಗೆ 18 ತಿಂಗಳು ಕೊಟ್ಟಿದ್ದಾರೆ, ಅಂದರೆ 2027ರ ಮೇ. ಅಪ್ಪೆಮಿಡಿಯವರೇ, ನಿಮ್ಮ ಒಪ್ಪಂದ ಎಷ್ಟು ವರ್ಷದ್ದು?

ಅಪ್ಪೆಮಿಡಿ

ಐದು.

ತುಂಗಾತೀರ

ಹಾಗಿದ್ದರೆ ಅದರ ಹೆಚ್ಚಿನ ಆಯಸ್ಸು ಹೊಸ ಕಾನೂನಿನ ಕೆಳಗೇ ಕಳೆಯುತ್ತದೆ. ಈಗಲೂ ಕಾನೂನು ಇಲ್ಲ ಅಂತಲ್ಲ. ಮಾಹಿತಿ ಸೋರಿ ನಷ್ಟ ಆದರೆ ಪರಿಹಾರ ಕೇಳಲು 2000ರ ಐಟಿ ಕಾಯ್ದೆಯ 43ಎ ಕಲಮು ಇದೆ, 2011ರ ನಿಯಮಗಳಿವೆ. ಸೈಬರ್ ದಾಳಿ ಆದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಸೂಚನೆ ಇದೆ.

ಹೊಸ ಕಾಯ್ದೆಯಲ್ಲಿ ನಿಮಗೆ ತಟ್ಟುವ ಎರಡು ವಿಷಯ ಇವೆ. ಒಂದು, ಸದಸ್ಯರ ಮಾಹಿತಿ ಯಾಕೆ ಬೇಕು, ಹೇಗೆ ಬಳಸಬೇಕು ಅಂತ ತೀರ್ಮಾನ ಮಾಡುವವರೇ ಹೊಣೆಗಾರರು. ನೀವು ಇನ್ನೊಬ್ಬರಿಗೆ ಕೆಲಸ ವಹಿಸಿದರೂ ಹೊಣೆ ನಿಮ್ಮ ಮೇಲೇ ಉಳಿಯುತ್ತದೆ. "ಆ್ಯಪ್‌ನವರು ಸೋರಿಸಿದರು, ನಮಗೇನು ಗೊತ್ತು" ಅನ್ನುವ ಹಾಗಿಲ್ಲ. ಸುರಕ್ಷತೆಯಲ್ಲಿ ತಪ್ಪಿದರೆ ದಂಡ 250 ಕೋಟಿವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿವರೆಗೆ. ಇವು ಗರಿಷ್ಠ ಮಿತಿ. ತಪ್ಪು ಎಷ್ಟು ದೊಡ್ಡದು, ನೀವು ಅದನ್ನು ಸರಿಪಡಿಸಲು ಏನು ಮಾಡಿದಿರಿ ಅಂತೆಲ್ಲ ನೋಡಿ ಮಂಡಳಿ ತೀರ್ಮಾನ ಮಾಡುತ್ತದೆ. ಸಣ್ಣ ಕಂಪನಿಗೆ ಯಾರೂ 250 ಕೋಟಿ ಹಾಕುವುದಿಲ್ಲ, ಆ ಭಯ ಬೇಡ.

ಎರಡನೆಯದು ನನಗೆ ನೋವು ಕೊಡುವ ವಿಷಯ. ಆ ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ನಿಮ್ಮೂರಿನ ಆ ಅಮ್ಮನ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಪರಿಹಾರ ಕೇಳಲು ಇದ್ದ 43ಎ ಕಲಮನ್ನೂ ಹೊಸ ಕಾಯ್ದೆ ತೆಗೆದುಹಾಕುತ್ತದೆ. ಹಾಗಾಗಿ ಸದಸ್ಯರಿಗೆ ನಷ್ಟ ಆದರೆ ತುಂಬಿಕೊಡುವವರು ಯಾರು ಅನ್ನೋದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಪುಕ್ಕಟೆ ಮಾದರಿಯಲ್ಲಿ ಇದು ಇರುವುದಿಲ್ಲ.

ಜೋಗದ ಹೋಂಸ್ಟೇ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾವು ಅತಿಥಿಗಳ ಆಧಾರ್ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುತ್ತೇವೆ. ಮೂರು ವರ್ಷದ ಫೋಟೋ ಎಲ್ಲ ನನ್ನ ಫೋನ್‌ನಲ್ಲೇ ಇವೆ. ಮಗ ಅದೇ ಫೋನ್‌ನಲ್ಲಿ ಆಟ ಆಡುತ್ತಾನೆ. ನಮಗೂ ಇದು ಅನ್ವಯ ಆಗುತ್ತಾ?

ತುಂಗಾತೀರ

ಆಗುತ್ತದೆ. ಮನೆಯ ಸ್ವಂತ ಬಳಕೆಗೆ ಮಾತ್ರ ವಿನಾಯಿತಿ, ನಿಮ್ಮದು ವ್ಯಾಪಾರ. ಇದಕ್ಕೆ ಲಾ ಫರ್ಮ್ ಬೇಡ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೇಳಿ. ಪೊಲೀಸರು ಇಡಲು ಹೇಳಿರುವ ದಾಖಲೆ ಏನಿದೆಯೋ ಅಷ್ಟು ಇಡಿ. ಉಳಿದದ್ದನ್ನು ಇವತ್ತು ರಾತ್ರಿಯೇ ಅಳಿಸಿ.

ಕೋಡ್ ಮತ್ತು ಕಾಫಿ (ಶಿವಮೊಗ್ಗ)

ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವನು. ಆ ಆ್ಯಪ್ ಹೆಸರು ಅಪ್ಪೆಮಿಡಿಯವರು ನನಗೆ ಖಾಸಗಿಯಾಗಿ ಕಳಿಸಿದರು. ಫೋನ್‌ಗೆ ಹಾಕಿ ನೋಡಿದೆ. ಮೆಣಸಿನ ಲೆಕ್ಕ ಇಡುವ ಆ್ಯಪ್‌ಗೆ ನನ್ನ ಕಾಂಟ್ಯಾಕ್ಟ್ ಪಟ್ಟಿ ಬೇಕಂತೆ, ಎಸ್‌ಎಂಎಸ್ ಓದಬೇಕಂತೆ, ಆ್ಯಪ್ ಮುಚ್ಚಿದ್ದಾಗಲೂ ನಾನು ಎಲ್ಲಿದ್ದೇನೆ ಅಂತ ಗೊತ್ತಾಗಬೇಕಂತೆ. ಯಾಕೆ?

ಕಾಯ್ದೆಯಲ್ಲೇ ಇದಕ್ಕೆ ಒಂದು ಉದಾಹರಣೆ ಕೊಟ್ಟಿದ್ದಾರೆ. ಫೋನ್‌ನಲ್ಲಿ ವೈದ್ಯರ ಸಲಹೆ ಕೊಡುವ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ, ಬಳಕೆದಾರರು ಒಪ್ಪುತ್ತಾರೆ. ಆದರೂ ಆ ಒಪ್ಪಿಗೆ ಚಿಕಿತ್ಸೆಗೆ ಬೇಕಾದ ಮಾಹಿತಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಾಂಟ್ಯಾಕ್ಟ್ ಪಟ್ಟಿ ಅದಕ್ಕೆ ಬೇಕಿಲ್ಲ. ಮೆಣಸಿಗೂ ಇದೇ ಮಾತು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಅವರು ಆ ಅರ್ಜಿ ಹಾಕಿದ್ದು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ನಮ್ಮ ನಾಡಿನ ಒಬ್ಬ ಹಿರಿಯರು ಗೆದ್ದುಕೊಟ್ಟ ಹಕ್ಕನ್ನು ನಾವು 38 ಪುಟ ಓದದೆ ಬರೆದುಕೊಡಬಾರದು.

ಹಿನ್ನೀರು

ಇಲ್ಲಿಯವರೆಗೆ ಯಾರೂ ಹೇಳದ ಒಂದು ವಿಷಯ ಹೇಳಬೇಕು. ಆ ತೋಟದ ಗಡಿ ನಕ್ಷೆ.

ನಮ್ಮ ಅಜ್ಜ ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿದ ಊರಿನವರು. ಲಾರಿಯಲ್ಲಿ ತಂದು ಬಿಟ್ಟ ಜಾಗದಲ್ಲಿ ತೋಟ ಮಾಡಿದರು. ಅಪ್ಪ ಅದೇ ತೋಟದಲ್ಲಿ ಸತ್ತರು. ಹಕ್ಕಿನ ಕಾಗದ ಇವತ್ತಿಗೂ ಸರಿಯಾಗಿಲ್ಲ, ಕಂದಾಯ ಇಲಾಖೆ ಒಂದು ಹೇಳಿದರೆ ಅರಣ್ಯ ಇಲಾಖೆ ಇನ್ನೊಂದು ಹೇಳುತ್ತದೆ. ನಮ್ಮ ಕಡೆ ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿಯನ್ನು ಸಕ್ರಮ ಮಾಡಿ ಅಂತ ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು ಎಷ್ಟು ಮನೆ, ತೋಟಕ್ಕೆ ಸೊಪ್ಪು ತರುವ ಕಾಡಿನ, ಅದೇ ಸೊಪ್ಪಿನ ಬೆಟ್ಟದ, ಅಂಚಿನಲ್ಲಿ ನಾಲ್ಕು ಸಾಲು ಅಡಿಕೆ ಹಾಕಿಕೊಂಡವರು ಎಷ್ಟು ಮನೆ, ನಿಮಗೆಲ್ಲ ಗೊತ್ತು. ಈ ಜನ ಏನನ್ನೂ ಬಚ್ಚಿಟ್ಟಿಲ್ಲ. ಅರ್ಜಿಯಲ್ಲೇ ಬರೆದುಕೊಟ್ಟಿದ್ದಾರೆ. ಆದರೆ ಫೋನ್ ಹಿಡಿದು ನಡೆದು ಮಾಡಿದ ಒಂದು ನಕ್ಷೆ, ಹೆಸರು, ಸರ್ವೆ ನಂಬರ್ ಸಮೇತ, ಯಾರದೋ ಕಂಪ್ಯೂಟರ್‌ನಲ್ಲಿ ಕೂತರೆ ನಾಳೆ ಅದು ಯಾರ ಕೈಗೆ ಹೋಗುತ್ತದೆ? ಸಾಲ ಕೊಡುವವರಿಗಾ? ಜಾಗ ಹುಡುಕುವ ರೆಸಾರ್ಟ್‌ನವರಿಗಾ? ಮೆಣಸು ಕೊಳ್ಳಲು ಬಂದವರಿಗೆ ನನ್ನ ಬೇಲಿ ಎಲ್ಲಿದೆ ಅಂತ ಯಾಕೆ ಬೇಕು?

ಬೆಂಗಳೂರಿನ ಫರ್ಮ್‌ಗೆ ಡೇಟಾ ಕಾನೂನು ಚೆನ್ನಾಗಿ ಗೊತ್ತಿರಬಹುದು. ಸೊಪ್ಪಿನ ಬೆಟ್ಟ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ನಿಮ್ಮ ಶಿವಮೊಗ್ಗದ ವಕೀಲರನ್ನು ಬಿಡಬೇಡಿ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ.

ಕೊನೆಕೊಯ್ಲು

ಹಿನ್ನೀರು ಹೇಳಿದ್ದು ಓದಿ ಸುಮ್ಮನೆ ಕೂತೆ. ನಮ್ಮದೂ ಅದೇ ಕಥೆ.

ಬಿಸಿಲುಮಚ್ಚು

ನಕ್ಷೆಯ ವಿಷಯ ನನಗೆ ಹೊಳೆದಿರಲಿಲ್ಲ. ನನ್ನ ತಮ್ಮನ ಅರ್ಜಿಯೂ ಬಾಕಿ ಇದೆ. ಡ್ರೈಯರ್ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಫರ್ಮ್ ಒಳ್ಳೆಯದಾ ಅಂತ ಮೊದಲೇ ತಿಳಿಯೋದು ಹೇಗೆ? ವೆಬ್‌ಸೈಟ್ ನೋಡಿದರೆ ಎಲ್ಲರದ್ದೂ ಒಂದೇ ಥರ ಇದೆ.

ತುಂಗಾತೀರ

ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವ ಹಾಗಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ. ಅದಕ್ಕೇ ಅವರ ವೆಬ್‌ಸೈಟ್ ತೆರೆದರೆ "ನಾನೇ ಮಾಹಿತಿ ಹುಡುಕಿಕೊಂಡು ಬಂದಿದ್ದೇನೆ" ಅಂತ ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ. ಹಾಗಾಗಿ ವೆಬ್‌ಸೈಟ್‌ನಿಂದ ಏನೂ ಗೊತ್ತಾಗುವುದಿಲ್ಲ, ಎದುರು ಕೂತು ಮಾತಾಡಿದರೇ ಗೊತ್ತಾಗೋದು. ನನ್ನ ಅನುಭವದಲ್ಲಿ ಒಳ್ಳೆಯವರು ಮೊದಲು ಉತ್ತರ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ನೀವು ಸದಸ್ಯರ ಕಾಗದ ಎಲ್ಲಿ ಇಡುತ್ತೀರಿ, ಯಾರ ಕೈಯಲ್ಲಿ ಕೀಲಿ ಇದೆ, ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು. ಹತ್ತು ನಿಮಿಷದಲ್ಲಿ ಇದು ಬರದಿದ್ದರೆ ಎದ್ದು ಬನ್ನಿ.

ಅಪ್ಪೆಮಿಡಿ (ಮೂರು ವಾರದ ನಂತರ)

ಎಲ್ಲರಿಗೂ ಕೈಮುಗಿದು ಹೇಳುತ್ತಿದ್ದೇನೆ, ನಿಮ್ಮ ಮಾತುಗಳನ್ನು ಅಕ್ಷರಶಃ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಏನೇನಾಯಿತು ಅಂತ ಹೇಳುತ್ತೇನೆ.

ಕೆಲಸದ ಎಲ್ಲೆ ಬರೆದು ಕೇಳಿದ ಮೇಲೆ ಅದೇ ಫರ್ಮ್ 1,10,000ಕ್ಕೆ ಒಪ್ಪಿತು. ವಿಡಿಯೋ ಕರೆಯಲ್ಲಿ ಇಬ್ಬರು ಬಂದರು. ಒಬ್ಬರು ಕಂಪನಿ ಕಾನೂನಿನವರು, ಇನ್ನೊಬ್ಬರು ಡೇಟಾದವರು. ಈ ಕಡೆ ನಾನು, ಅಧ್ಯಕ್ಷರು, ನಮ್ಮ ಶಿವಮೊಗ್ಗದ ವಕೀಲರು. ಡೇಟಾದವರ ಮೊದಲ ಪ್ರಶ್ನೆ: "ಈಗ ನಿಮ್ಮ ಹತ್ತಿರ ಏನೇನಿದೆ, ತೋರಿಸುತ್ತೀರಾ?"

ಫೋನ್ ತಿರುಗಿಸಿ ನಮ್ಮ ಗೋದ್ರೇಜ್ ಬೀರು ತೆಗೆದು ತೋರಿಸಿದೆ. ಕೆಳಗಿನ ಅರೆಯಲ್ಲಿ ಹಸಿರು ಫೈಲು, ಅದರಲ್ಲಿ 412 ಜನರ ಆಧಾರ್ ಜೆರಾಕ್ಸ್. ಮಳೆಗಾಲದ ತಂಡಿಗೆ ಅಂಚು ಅಂಟಿಕೊಂಡಿತ್ತು, ಕೆಲವು ಬಿಡಿಸಿದರೆ ಹರಿಯುವ ಹಾಗಿತ್ತು. ಅವೇ ಸ್ಕ್ಯಾನ್ ಆಗಿ ಆಫೀಸಿನ ಲ್ಯಾಪ್‌ಟಾಪ್‌ನಲ್ಲೂ ಇವೆ. ಪಾಸ್‌ವರ್ಡ್ ಬರೆದ ಚೀಟಿ ಕೀಬೋರ್ಡ್ ಪಕ್ಕದಲ್ಲೇ ಅಂಟಿಸಿತ್ತು. ಅದನ್ನು ನೋಡಿದವರು ಬೈಯಲಿಲ್ಲ. ಕಾಗದದಲ್ಲಿ ಮಾತ್ರ ಇದ್ದರೆ ಈ ಕಾಯ್ದೆ ಬರುವುದಿಲ್ಲ, ಸ್ಕ್ಯಾನ್ ಮಾಡಿದ ಕ್ಷಣದಿಂದ ಬರುತ್ತದೆ ಅಂತ ವಿವರಿಸಿದರು. ಆಮೇಲೆ "ಈ ಆಧಾರ್ ಪ್ರತಿಗಳನ್ನು ಕೊನೆಯ ಬಾರಿ ಯಾವ ಕೆಲಸಕ್ಕೆ ತೆಗೆದಿದ್ದಿರಿ?" ಅಂತ ಕೇಳಿದರು. ನಾನು, ಅಧ್ಯಕ್ಷರು ಮುಖ ಮುಖ ನೋಡಿಕೊಂಡೆವು. ಸದಸ್ಯರಾದ ದಿನ ತೆಗೆದುಕೊಂಡದ್ದು, ಆಮೇಲೆ ಮುಟ್ಟಿಯೇ ಇಲ್ಲ.

15% ಷೇರಿನ ಮಾತು ಒಂದೇ ಪತ್ರಕ್ಕೆ ಮುಗಿಯಿತು. ಕಂಪನಿ ಕಾನೂನಿನವರು ಅಧ್ಯಾಯ, ಕಲಮು ಎತ್ತಿ ಬರೆದರು. ಎದುರಿನವರು ವಾದವನ್ನೇ ಮಾಡಲಿಲ್ಲ. ಈಗ ಅದು ಬರೀ ಮಾರಾಟದ ಮತ್ತು ಸೇವೆಯ ಒಪ್ಪಂದ.

ನಕ್ಷೆಯ ವಿಷಯದಲ್ಲಿ ಹಿನ್ನೀರು ಹೇಳಿದ್ದೇ ನಡೆಯಿತು. ಸೊಪ್ಪಿನ ಬೆಟ್ಟ, ಬಗರ್ ಹುಕುಂ ಅಂದರೆ ಏನು ಅಂತ ನಮ್ಮ ವಕೀಲರು ಅವರಿಗೆ ಅರ್ಧ ಗಂಟೆ ಬಿಡಿಸಿ ಹೇಳಿದರು. ಆ ಇಬ್ಬರೂ ಬರೆದುಕೊಳ್ಳುತ್ತಾ ಕೇಳಿದರು. ಆಮೇಲೆ ಡೇಟಾದವರು ಆ್ಯಪ್ ಕಂಪನಿಗೆ ಒಂದೇ ಸಾಲು ಬರೆದರು: ಗಡಿ ನಕ್ಷೆ ಇಲ್ಲದಿದ್ದರೆ ನಿಮ್ಮ ಯಾವ ಸೇವೆ ನಿಲ್ಲುತ್ತದೆ? ಹತ್ತು ದಿನ ಉತ್ತರ ಇಲ್ಲ. ಕೊನೆಗೆ ಬಂದದ್ದು, ನಕ್ಷೆ ಐಚ್ಛಿಕ ಮಾಡುತ್ತೇವೆ ಅಂತ. ಕಾಂಟ್ಯಾಕ್ಟ್, ಎಸ್‌ಎಂಎಸ್ ಎರಡನ್ನೂ ಕೈಬಿಟ್ಟರು.

ಬೇರೆ ಬದಲಾವಣೆಗಳೂ ಇವೆ. ಮಾಹಿತಿಯನ್ನು ಮೂರನೆಯವರಿಗೆ ಕೊಡುವ ಹಾಗಿಲ್ಲ. ಒಪ್ಪಂದ ಮುಗಿದ 30 ದಿನದೊಳಗೆ ಅಳಿಸಿ, ಅಳಿಸಿದ್ದೇವೆ ಅಂತ ಬರೆದುಕೊಡಬೇಕು. ಸೋರಿಕೆ ಗೊತ್ತಾದ ದಿನವೇ ನಮಗೆ ಹೇಳಬೇಕು, ಯಾಕೆಂದರೆ ಮಂಡಳಿಗೆ ಪೂರ್ತಿ ವಿವರ ಕೊಡಲು ನಮಗೆ ಸಿಗೋದು 72 ಗಂಟೆ. ಅವರ ತಪ್ಪಿನಿಂದ ಸದಸ್ಯರಿಗೆ ಹಣ ಹೋದರೆ ಅವರೇ ತುಂಬಿಕೊಡಬೇಕು. ಇದಕ್ಕೆ ಅವರು ತುಂಬಾ ಎಳೆದಾಡಿದರು, ಕೊನೆಗೆ ಒಂದು ಮಿತಿ ಹಾಕಿ ಒಪ್ಪಿದರು. ಆ ಮಿತಿ ನನಗೆ ಸಮಾಧಾನ ಕೊಟ್ಟಿಲ್ಲ. ವ್ಯಾಜ್ಯ ಆದರೆ ಶಿವಮೊಗ್ಗದಲ್ಲಿ ನಡೆಯಲಿ ಅಂತ ಕೇಳಿದ್ದು ಆಗಲಿಲ್ಲ, ಬೆಂಗಳೂರೇ ಉಳಿಯಿತು. ವಿಚಾರಣೆಯನ್ನು ವಿಡಿಯೋದಲ್ಲಿ ಮಾಡಬಹುದು ಅಂತ ಮಾತ್ರ ಸೇರಿದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಒಪ್ಪಿಗೆ ಪತ್ರ. ಮೊದಲು ಆ್ಯಪ್‌ನಲ್ಲಿ ಇಂಗ್ಲಿಷ್‌ನ ಒಂದು ಸಾಲು, ಕೆಳಗೆ ಟಿಕ್ ಗುರುತು, ಅಷ್ಟೇ ಇತ್ತು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಆಯ್ಕೆ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಕನ್ನಡ ಅದರಲ್ಲಿದೆ. ಫರ್ಮ್‌ನವರು ಕಳಿಸಿದ ಮೊದಲ ಕನ್ನಡ ಕರಡು ಓದಲು ಆಗುತ್ತಿರಲಿಲ್ಲ. "ದತ್ತಾಂಶ ಪ್ರಧಾನರು ತಮ್ಮ ಸಮ್ಮತಿಯನ್ನು ಹಿಂಪಡೆಯತಕ್ಕದ್ದು" ಅಂತಿತ್ತು. ನಾನು, ನಮ್ಮ ವಕೀಲರು ಕೂತು ಬೇರೆಯೇ ಬರೆದೆವು. ಹೀಗಿದೆ:

"ಮೆಣಸಿನ ಹಣ ಹಾಕಲು ನಿಮ್ಮ ಹೆಸರು, ಫೋನ್, ಬ್ಯಾಂಕ್ ಖಾತೆ ಬೇಕು. ಬೇರೆ ಯಾವುದಕ್ಕೂ ಇವನ್ನು ಬಳಸುವುದಿಲ್ಲ. ತೋಟದ ನಕ್ಷೆ ಕೊಡುವುದು, ಬಿಡುವುದು ನಿಮ್ಮ ಇಷ್ಟ. ಕೊಡದಿದ್ದರೂ ಮೆಣಸು ಕೊಳ್ಳುತ್ತೇವೆ. ಇವತ್ತು ಒಪ್ಪಿ ನಾಳೆ ಬೇಡ ಅನ್ನಿಸಿದರೆ ಇದೇ ಆ್ಯಪ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಇಲ್ಲವೇ ಆಫೀಸಿಗೆ ಬಂದು ಹೇಳಿ. ನಾವು ಸರಿಪಡಿಸದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡುವ ಹಕ್ಕು ನಿಮಗಿದೆ."

ಫರ್ಮ್‌ನವರು ಎರಡು ಪದ ಬದಲಿಸಿದರು, ಹಕ್ಕುಗಳ ಬಗ್ಗೆ ಒಂದು ಸಾಲು ಸೇರಿಸಿದರು, ಉಳಿದದ್ದನ್ನು ಹಾಗೇ ಬಿಟ್ಟರು.

ಮೊನ್ನೆ ಭಾನುವಾರ ನಮ್ಮೂರಿನಲ್ಲಿ 30 ಜನರಿಗೆ ಓದಿ ಹೇಳಿದೆ. ಒಟಿಪಿಯಲ್ಲಿ ಹಣ ಕಳೆದುಕೊಂಡ ಆ ಅಮ್ಮನೂ ಬಂದಿದ್ದರು. ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದರು. ನಕ್ಷೆಯ ಸಾಲಿಗೆ ಬಂದಾಗ ಬೆರಳು ನಿಂತಿತು. "ಇದು ಬೇಡ ಅಂದ್ರೆ ನಿಜವಾಗ್ಲೂ ಮೆಣಸು ತಗೋತಾರಾ?" ಅಂತ ಕೇಳಿದರು. ಒಪ್ಪಂದದಲ್ಲೇ ಬರೆಸಿದ್ದೇವೆ ಅಂದೆ. ನಕ್ಷೆಗೆ ಬೇಡ ಅಂತ ಬರೆದು, ಉಳಿದದ್ದಕ್ಕೆ ಸಹಿ ಹಾಕಿದರು. ಆ 30ರಲ್ಲಿ 11 ಜನ ನಕ್ಷೆ ಬೇಡ ಅಂದಿದ್ದಾರೆ.

ಲ್ಯಾಪ್‌ಟಾಪ್‌ನಿಂದ ಆಧಾರ್ ಸ್ಕ್ಯಾನ್ ಅಳಿಸಿದ್ದೇವೆ. ಜೆರಾಕ್ಸ್ ಪ್ರತಿಗಳನ್ನು ಅವರವರ ಕೈಗೇ ವಾಪಸ್ ಕೊಡುತ್ತಿದ್ದೇವೆ. ವಿಶೇಷ ನಿರ್ಣಯದ ಸಭೆಗೆ ನೋಟಿಸ್ ಹೋಗಿದೆ. ಮಳೆ ಇದ್ದರೂ 103 ಜನ ಬರಬೇಕು, ಅದಕ್ಕೆ ಎರಡು ಜೀಪು ಹೇಳಿದ್ದೇವೆ.

ಸಾಗರದ ಸಿಎಸ್

ಸಭೆಯ ದಿನ ಹಾಜರಿ ಪುಸ್ತಕದಲ್ಲಿ ಸಹಿ ತಪ್ಪದೆ ಹಾಕಿಸಿ. ಬೇಕು ಅಂದವರು, ಬೇಡ ಅಂದವರು ಎಷ್ಟು ಅಂತ ನಡಾವಳಿಯಲ್ಲಿ ಅಂಕಿ ಸಮೇತ ಬರೆಯಿರಿ.

ಹಿನ್ನೀರು

ಆ 11 ಜನರ ಪರವಾಗಿ ನಿಮಗೂ, ನಿಮ್ಮ ವಕೀಲರಿಗೂ ನಮಸ್ಕಾರ.

ಬಿಸಿಲುಮಚ್ಚು

ಆ ಕನ್ನಡ ಒಪ್ಪಿಗೆ ಪತ್ರ ಪೂರ್ತಿ ಕಳಿಸಲು ಆಗುತ್ತಾ? ನಮ್ಮ ಸಂಘದಲ್ಲಿ 260 ಜನ ಇದ್ದೇವೆ. ನಮ್ಮ ಹತ್ತಿರವೂ ಇದೇ ಆ್ಯಪ್‌ನವರು ಬಂದಿದ್ದಾರೆ. ಬರುವ ಸೋಮವಾರ ಸಹಿ ಅಂತ ಹೇಳಿ ಹೋಗಿದ್ದಾರೆ.

ಅಪ್ಪೆಮಿಡಿ

ಈಗಲೇ ಕಳಿಸುತ್ತೇನೆ. ನಿಮ್ಮ ಒಪ್ಪಂದ ನಮ್ಮದರ ಹಾಗೇ ಇರಲಿಕ್ಕಿಲ್ಲ, ಪತ್ರವನ್ನು ನಿಮ್ಮ ಕೆಲಸಕ್ಕೆ ತಕ್ಕಂತೆ ವಕೀಲರ ಹತ್ತಿರ ತಿದ್ದಿಸಿಕೊಳ್ಳಿ. ಸೋಮವಾರದ ಸಹಿಯನ್ನು ಮಾತ್ರ ಮುಂದಕ್ಕೆ ಹಾಕಿ. ಸದಸ್ಯರ ಸಭೆ ಆಗಬೇಕು ಅಂತ ಹೇಳಿ.